ರಬ್ಬರಣ್ಣ ಕೈಗೆ ಕೊಡುತ್ತಿದ್ದ ಡಿಸ್ಕು

ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ನನ್ನ ಗೆಳೆಯ ತೀರಿಕೊಂಡ. ಐವತ್ತೊಂಬತ್ತು ವರ್ಷ. ಹೃದಯ ಎರಡು ವರ್ಷದಿಂದ ಸತಾಯಿಸುತ್ತಿತ್ತು. ನಾನು ಅಲ್ಲೇ ಇದ್ದೆ.

ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ: ಒಂದು ಮೇಜು, ಎರಡು ಸ್ಟೂಲು, ಗೋಡೆಯುದ್ದಕ್ಕೂ ತಮ್ಮ ಸರದಿಗೆ ಕಾದು ಕುಳಿತ ಪೆಟ್ಟಿಗೆಗಳು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಮಕ್ಕಳು ಪೆನ್ಸಿಲ್ ಗೆರೆ ಅಳಿಸುವ ರಬ್ಬರ್ ಇಟ್ಟುಕೊಳ್ಳುತ್ತಿದ್ದ. ಆನ್ ಆಗದ ಯಂತ್ರ ಬಂದರೆ ಒಳಗಿನ ರ‍್ಯಾಮ್ ಎಂಬ ಹಸಿರು ಪಟ್ಟಿಯನ್ನು ಕಿತ್ತು, ಅದರ ಅಂಚಿನ ಹೊಂಬಣ್ಣದ ಹಲ್ಲುಗಳನ್ನು ಆ ರಬ್ಬರಿನಿಂದ ಉಜ್ಜಿ, ಫೂ ಎಂದು ಊದಿ ಮತ್ತೆ ಕೂರಿಸುತ್ತಿದ್ದ. ಹತ್ತರಲ್ಲಿ ಆರು ಯಂತ್ರಗಳು ಅಷ್ಟಕ್ಕೇ ಕಣ್ಣು ಬಿಡುತ್ತಿದ್ದವು. ಹೀಗಾಗಿ ಊರಿಗೆಲ್ಲ ಅವನು ರಬ್ಬರಣ್ಣ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಪೆಟ್ಟಿಗೆ ಬಿಚ್ಚಿದ ಕೂಡಲೇ ಹಾರ್ಡ್ ಡಿಸ್ಕನ್ನು ಹೊರತೆಗೆದು, ಯಂತ್ರ ತಂದವರ ಕೈಗೇ ಕೊಟ್ಟು ಕೂರಿಸುತ್ತಿದ್ದ. ಬರೆದದ್ದು, ಬರೆಸಿದ್ದು, ಮದುವೆಯ ಫೋಟೊ, ಮಕ್ಕಳ ಫೋಟೊ ಎಲ್ಲ ಇರುವುದು ಅದರೊಳಗೇ ತಾನೆ. ಕೆಲಸ ಮುಗಿಯುವವರೆಗೆ ಅದು ಅವರ ಮಡಿಲಲ್ಲೇ ಇರಬೇಕು. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ನಾನು ಮಧ್ಯಾಹ್ನದ ಬಿಡುವಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೂಸಿಗೆ ಚುಚ್ಚುಮದ್ದು ಹಾಕಿಸಲು ಬಂದವರ ಹಾಗೆ ಡಿಸ್ಕನ್ನು ಅವುಚಿಕೊಂಡು ಕೂತಿರುತ್ತಿದ್ದರು. ಒಮ್ಮೆ ಬ್ಯಾಂಕಿನ ಮ್ಯಾನೇಜರು, ಫೋನ್ ಬಂದರೆ ಏನು ಮಾಡಲಿ ಎಂದು ಸಿಡುಕಿದರು. "ಹೊಡ್ಕೊಳ್ಳಲಿ ಬಿಡಿ ಸಾರ್, ಸುಸ್ತಾಗಿ ಅದೇ ನಿಲ್ಲುತ್ತೆ" ಎಂದ ತಲೆ ಎತ್ತದೆ.

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಹಿಂದಿನ ಬೀದಿಯ ಟೀಚರಮ್ಮನ ಕಂಪ್ಯೂಟರ್ ಅರ್ಧ ಎದ್ದು ಅಲ್ಲೇ ನಿಲ್ಲುತ್ತಿತ್ತು. ಹೊತ್ತು ತಂದವರು ಅವರ ಗಂಡ. ಒಳಗೆ ಬೇಕಾದದ್ದು ಏನಾದರೂ ಇದೆಯೇ ಎಂದು ಇವನು ಕೇಳಿದ. ಏನೂ ಇಲ್ಲ, ಮಗಳು ಆಡುವ ಆಟ ಅಷ್ಟೇ ಎಂದರು ಆ ಪುಣ್ಯಾತ್ಮ. ಇವನು ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಎಲ್ಲ ಹಾಕಲು ಕೂತ. ಆಗಲೂ ಯಂತ್ರ ನಡುವೆಯೇ ನಿಂತಿತು. ಕೊನೆಗೆ ನೋಡಿದರೆ ರ‍್ಯಾಮ್ ಸಡಿಲವಾಗಿತ್ತು. ಒತ್ತಿದ, ಕೂತಿತು, ಸರಿಯಾಯಿತು. ಅಳಿಸುವ ಅಗತ್ಯವೇ ಇರಲಿಲ್ಲ.

ಅಳಿಸಿಹೋದದ್ದು ಒಂದು ಪಟ್ಟಿ. ಮಗಳು ಮಾತು ಕಲಿತ ದಿನದಿಂದ ಶಾಲೆಗೆ ಸೇರುವವರೆಗೆ ಆಡಿದ ಒಂದೊಂದು ಹೊಸ ಮಾತನ್ನೂ ಟೀಚರಮ್ಮ ತಾರೀಖು ಹಾಕಿ ಬರೆದಿಟ್ಟಿದ್ದರಂತೆ. ಮರುದಿನ ಅಂಗಡಿಗೆ ಬಂದರು, ವಿಷಯ ಕೇಳಿದರು, ಹೋದರು. ಜಗಳವಾಡಲಿಲ್ಲ. ಆಮೇಲೆ ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಯಂತ್ರ ಕೆಟ್ಟರೆ ಎರಡು ಬಸ್ಸು ಬದಲಿಸಿ ಪೇಟೆಗೆ ಒಯ್ಯುತ್ತಿದ್ದರು. "ಎರಡು ಬೈದಿದ್ರೆ ಚೆನ್ನಾಗಿತ್ತು. ಆ ತಲೆಯಾಡಿಸೋದು ಇದೆಯಲ್ಲ, ಅದು ತಿಂದುಬಿಡುತ್ತೆ ನನ್ನನ್ನ" ಎಂದು ಇವನು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದನೋ.

ಎರಡು ತಿಂಗಳಿಂದ ಕೆಲಸ ಬಂದ್ ಆಗಿತ್ತು. ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ಸ್ಕ್ರೂಡ್ರೈವರುಗಳನ್ನೆಲ್ಲ ಬೀರುವಿನಲ್ಲಿ ಹಾಕಿ ಬೀಗ ಜಡಿದಿದ್ದರು. ಒಂದು ಪುಟ್ಟದು ಮಾತ್ರ ಅವನ ದಿಂಬಿನ ಕೆಳಗಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಟೀಚರಮ್ಮ ಬಂದರು. ತರಕಾರಿ ತರುವ ಗಾಲಿಚೀಲದಲ್ಲಿ ಕಂಪ್ಯೂಟರಿನ ಪೆಟ್ಟಿಗೆ, ಮೇಲೊಂದು ಟವೆಲು. ಹೊಸ್ತಿಲಲ್ಲೇ ನಿಂತರು.

"ಪೇಟೆಯವರು ಪೂರ್ತಿ ಅಳಿಸ್ಬೇಕು ಅಂದ್ರು. ಆ ಮಾತು ಕೇಳಿ ವಾಪಸ್ ತಂದುಬಿಟ್ಟೆ."

ಇಪ್ಪತ್ತೆರಡು ವರ್ಷ ಯಾರನ್ನೂ ಕೇಳದ ಪ್ರಶ್ನೆಯನ್ನು ಅವನು ಅವತ್ತು ಕೇಳಿದ. "ಒಳಗೆ ಏನಿದೆ ಟೀಚರಮ್ಮ?"

"ಮೊಮ್ಮಗನ ಮಾತು. ಇನ್ನೂರ ಹನ್ನೊಂದು."

ಅವನು ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಬೀರುವಿನ ಬೀಗ ತೆಗೆದರು. ಈ ಕೆಲಸದಿಂದಲೇ ಜೀವ ಹೋಯಿತೇ ಎಂದು ಅವನು ತೀರಿಕೊಂಡ ಮೇಲೆ ಟೀಚರಮ್ಮ ಕೇಳಿದರು. ಮಲಗಿದ್ದರೂ ಬರುವುದು ಬರುತ್ತಿತ್ತು ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ಅವರಿಗೆ ಮೂರು ಸಲ ಹೇಳಿದ್ದೇನೆ, ನಂಬಿದರೋ ಇಲ್ಲವೋ ಗೊತ್ತಿಲ್ಲ.

ಅವನು ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದ. ಡಿಸ್ಕನ್ನು ಹೊರತೆಗೆದು ಅವರ ಕೈಗಿಟ್ಟು "ಹಿಡ್ಕೊಂಡಿರಿ" ಎಂದ. ಅವರು ಎರಡೂ ಕೈಯಲ್ಲಿ ಹಿಡಿದರು. ಸ್ವಿಚ್ ಒತ್ತಿದಾಗ ಯಂತ್ರ ಉದ್ದುದ್ದನೆಯ ಸದ್ದು ಮಾಡಿತು. ಕತ್ತು ಓರೆ ಮಾಡಿ ಕೇಳಿದ. ಆಮೇಲೆ ಕರೆಂಟು ತೆಗೆದು, ರ‍್ಯಾಮ್ ಕಿತ್ತು, ಜೇಬಿನಿಂದ ರಬ್ಬರ್ ತೆಗೆದು ಉಜ್ಜತೊಡಗಿದ. ಊದಲು ಬಾಯಿ ಹತ್ತಿರ ತಂದರೆ ಉಸಿರು ಸಾಲಲಿಲ್ಲ. ಅತ್ತಿಗೆ ಬಗ್ಗಿ ಫೂ ಎಂದು ಊದಿದರು.

"ಇಷ್ಟೇ ಕೆಲ್ಸ ಅಂತ ಮೊದ್ಲೇ ಹೇಳಿದ್ರೆ ಅಂಗಡಿ ನಾನೇ ನಡೆಸ್ತಿದ್ದೆ" ಎಂದರು ಅತ್ತಿಗೆ.

"ಅದಕ್ಕೇ ಹೇಳ್ಲಿಲ್ಲ" ಎಂದ.

ರ‍್ಯಾಮ್ ಕೂರಿಸಿ ಮತ್ತೆ ಒತ್ತಿದಾಗ ಒಂದೇ ಒಂದು ಚಿಕ್ಕ ಸದ್ದು. ಅದು ಸರಿ ಇದ್ದಾಗಿನ ಸದ್ದು. ಯಂತ್ರ ಆರಿಸಿ, ಡಿಸ್ಕಿಗೆ ಕೈ ಚಾಚಿದ. ಟೀಚರಮ್ಮ ತಟ್ಟನೆ ಕೊಡಲಿಲ್ಲ. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕೊನೆಗೆ ಅವರೇ ಅವನ ಅಂಗೈಯಲ್ಲಿ ಇಟ್ಟರು.

ಪರದೆ ಬೆಳಗಿತು. ಪಟ್ಟಿ ಇತ್ತು. ಟೀಚರಮ್ಮ ಕೊನೆಯ ಸಾಲನ್ನು ಓದಿದರು: ಬುಧವಾರ, ಚಪ್ಪಲಿಗೆ 'ಪಲ್ಲಿ'. ಅವನು ನಕ್ಕ. ನಾನು ಅವನ ನಗು ಕೇಳಿ ಎಷ್ಟೋ ದಿನವಾಗಿತ್ತು. ಪಟ್ಟಿಯನ್ನು ಎರಡು ಪೆನ್‌ಡ್ರೈವಿಗೆ ಹಾಕಿಕೊಟ್ಟು, ಒಂದನ್ನು ಮಗಳ ಮನೆಯಲ್ಲಿಡಲು ಹೇಳಿದ. ಅವರು ಸ್ಟೂಲು ಎಳೆದುಕೊಂಡು, ಮಗಳ ಪಟ್ಟಿಯಲ್ಲಿ ನೆನಪಿದ್ದ ನಾಲ್ಕಾರು ಮಾತು ಹೇಳಿದರು. ಅವಳೂ ಪಲ್ಲಿ ಅಂತಲೇ ಅನ್ನುತ್ತಿದ್ದಳಂತೆ.

ಆಮೇಲೆ ಅವನು ಮುಚ್ಚಳ ಹಾಕಿದ. ಮೂರು ಸ್ಕ್ರೂ ಬಿಗಿದ. ನಾಲ್ಕನೆಯದು ಕೈಜಾರಿ ಕೆಳಗೆ ಬಿದ್ದು ಉರುಳಿತು. ಇರಲಿ ಬಿಡಿ, ಮೂರು ಸಾಕು ಎಂದರು ಟೀಚರಮ್ಮ. ಅವನು ನನ್ನ ಕಡೆ ನೋಡಿದ. ನಾನು ಮೇಜಿನ ಕೆಳಗೆ ತೆವಳಿ ಹುಡುಕಿ ತಂದುಕೊಟ್ಟೆ. ನಾನೇ ಹಾಕುತ್ತೇನೆ ಎಂದರೂ ಕೇಳದೆ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಧಾನವಾಗಿ ತಿರುಗಿಸಿ ಬಿಗಿದ. ಮುಚ್ಚಳದ ಮೇಲೆ ಬಿದ್ದಿದ್ದ ರಬ್ಬರಿನ ಚೂರುಗಳನ್ನು ಅಂಗಿಯ ತೋಳಿನಿಂದ ಒರೆಸಿದ.