ಕೇಬಲ್‌ನವನನ್ನು ಬದಲಿಸಲು ಹೋಗಿ

ಮಲಾಡಿನ ನಮ್ಮ ಬಿಲ್ಡಿಂಗಿಗೆ ಕೇಬಲ್ ಟಿವಿ ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ಆಗಲೇ ಕೇಬಲ್‌ನವನನ್ನು ಬದಲಿಸಬೇಕೆಂದು ನಮ್ಮ ವಿಂಗಿನ ಎಂಟೂ ಮನೆಯವರು ತೀರ್ಮಾನಿಸಿದೆವು. ಪ್ರತಿ ಭಾನುವಾರ ಸಂಜೆ, ಸರಿಯಾಗಿ ಸಿನಿಮಾ ಶುರುವಾಗುವ ಹೊತ್ತಿಗೆ, ಎಲ್ಲರ ಟಿವಿಯಲ್ಲೂ ಚಿತ್ರ ಹೋಗಿ ಬರೀ ಚುಕ್ಕೆ ಕುಣಿಯುತ್ತಿದ್ದವಂತೆ. ಭಾನುವಾರ ಸಂಜೆ ನಾವು ಮನೆಯಲ್ಲಿರುತ್ತಿರಲಿಲ್ಲವಾದ್ದರಿಂದ ನಾನು ಕಣ್ಣಾರೆ ಕಂಡವನಲ್ಲ. ಆದರೂ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಬೇಜವಾಬ್ದಾರಿ ಎಂಬುದನ್ನು ಮೂರು ಭಾಷೆಗಳಲ್ಲಿ ಹೇಳಿದೆ.

ಕೇಬಲ್‌ನವನಿಗೆ ಸುದ್ದಿ ಮುಟ್ಟಿಸುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಅವನು ಬಿಜಾಪುರದ ಕಡೆಯವನು, ಕನ್ನಡದವನು. ಸಾಲದ್ದಕ್ಕೆ, ಇಡೀ ವಿಂಗಿಗೆ ಸಿಗ್ನಲ್ ಹಂಚುವ ಬೂಸ್ಟರ್ ಡಬ್ಬವನ್ನು ನಮ್ಮ ಬಾಗಿಲ ಮೇಲೇ ಕೂರಿಸಿ, ನಮ್ಮ ಮನೆಯ ಕರೆಂಟಿಗೇ ಜೋಡಿಸಿದ್ದ. ಮೂರು ದಿನ ಲೋಕಲ್ ರೈಲಿನಲ್ಲಿ ನಿಂತು ಮಾತು ಜೋಡಿಸಿಕೊಂಡೆ. ಅವನು ಅತ್ತುಬಿಟ್ಟರೆ? ಹೊಡೆದುಬಿಟ್ಟರೆ? ಅಳುತ್ತಲೇ ಹೊಡೆದರೆ?

ಕೊನೆಗೆ ಮನೆಗೆ ಕರೆಸಿ ವಿಷಯ ಹೇಳಿದರೆ, ಅವನು ಯಾವುದನ್ನೂ ಮಾಡಲಿಲ್ಲ. ಸ್ಟೂಲು ಹತ್ತಿ ಡಬ್ಬ ಬಿಚ್ಚಿ ನೋಡಿದ.

"ಎಂಟು ಮನಿ ಹೋದ್ರ ಈ ಗಲ್ಲಿಯಾಗ ನಂದು ಮುಗೀತ್ರಿ, ಸಾಹೇಬ್ರ. ಹೊಸ ಕೇಬಲ್‌ನವಂದು ವಾಯರ್ ಆಗ್ಲೇ ಮಾಳಿಗಿ ಮ್ಯಾಲ ಬಂದೈತಿ. ಆದ್ರ ಡಬ್ಬಿ ಛಲೋನೇ ಐತಲ್ರೀ! ಐತವಾರ ಸಂಜಿ ನೀವು ಎಲ್ಲಿ ಇರ್ತೀರಿ?"

"ದಾದರಿನಲ್ಲಿ, ಅಕ್ಕನ ಮನೇಲಿ."

"ಹೋಗೂ ಮುಂದ ಏನೇನ್ ಬಂದ್ ಮಾಡ್ತೀರಿ?"

"ಎಲ್ಲಾನೂ ಮಾಡ್ತೀನಪ್ಪ. ಗ್ಯಾಸು, ನಲ್ಲಿ, ಕಿಟಕಿ, ಮೇನ್ ಸ್ವಿ..."

ನನ್ನ ಕಣ್ಣು ಡಬ್ಬದ ವೈರು ಹಿಡಿದು ನಮ್ಮ ಮನೆಯ ಪ್ಲಗ್ಗಿನ ತನಕ ಹೋಯಿತು.

ಅಡುಗೆಮನೆಯಿಂದ ಹೆಂಡತಿ, "ಪೂರ್ತಿ ಹೇಳಿ. ಸ್ಟೇಷನ್ ತನಕ ಹೋಗಿ, ವಾಪಸ್ ಬಂದು, ಆರಿಸಿದೀನೋ ಇಲ್ಲವೋ ಅಂತ ಇನ್ನೊಂದು ಸಲ ನೋಡ್ತೀರಲ್ಲ, ಅದನ್ನೂ ಹೇಳಿ" ಎಂದಳು.

ಅವನು ಸ್ಟೂಲಿನಿಂದ ಇಳಿದು ಕೈಮುಗಿದ. "ನನಗ ಹೇಳಬ್ಯಾಡ್ರಿ. ಮನಿಮನಿಗೆ ಹೋಗಿ ಹೇಳ್ರಿ."

ಹೋದೆ. ಏಳು ಬಾಗಿಲು ಬಡಿದೆ. ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಬಿದ್ದರೆ ಎಂಬ ಭಯಕ್ಕೆ ಮನೆ ಬಿಡುವಾಗ ಮೇನ್ ಸ್ವಿಚ್ ಆರಿಸುತ್ತೇನೆ, ತಪ್ಪು ನನ್ನದು, ಪಾಪ ಅವನದಲ್ಲ ಎಂದು ಹೇಳುತ್ತ ಹೋದೆ. ಎರಡನೇ ಮಹಡಿಯ ಗುಜರಾತಿಗಳು ನಕ್ಕು ಚಹಾ ಕೊಟ್ಟರು, ಅದು ಬೈಗುಳಕ್ಕಿಂತ ಕಷ್ಟವಾಯಿತು. ನೆಲಮಹಡಿಯ ಮರಾಠಿ ಅಜ್ಜಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅರೆ ದೇವಾ, ತೂಚ್ ಕಾ ತೋ!", ಅಯ್ಯೋ ದೇವರೇ, ನೀನೇನಾ ಅವನು, ಎಂದು ಹಣೆ ಬಡಿದುಕೊಂಡಳು. ನಾಲ್ಕು ತಿಂಗಳಿಂದ ಒಂದು ಸಿನಿಮಾದ ಕ್ಲೈಮ್ಯಾಕ್ಸನ್ನೂ ನೋಡದ ಜೀವ ಅದು.

ಏದುಸಿರು ಬಿಡುತ್ತ ಮೇಲೆ ಬಂದಾಗ ಅವನು ನಮ್ಮ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

"ಏನಂದ್ರು?"

"ಏಳು ಮನೆಯವರೂ ನಿನ್ನ ಹತ್ತಿರವೇ ಇರ್ತಾರಂತೆ."

"ಎಂಟನೇದು?"

ಎಂಟನೆಯದು ನಮ್ಮದು. ಒಳಗೆ ಹೆಂಡತಿ ಕೈಕಟ್ಟಿ ನಿಂತಿದ್ದಳು. ಹೊಸಬನ ಕಡೆ ಮೂರು ಚಾನೆಲ್ ಹೆಚ್ಚಿಗೆ ಬರುತ್ತವೆಂದು ಆಗಲೇ ಅವಳಿಗೆ ತಿಳಿದಿತ್ತು.

"ಒಂದು ನಿಮಿಷ ಇರಪ್ಪ," ಎಂದೆ, "ಒಳಗೆ ಕೇಳಿ ಬರ್ತೀನಿ."