ಹಂಡೆಯ ಬಾಯಿಯ ಹಿಟ್ಟು

ಆಗಿನ ದಿನಗಳಲ್ಲಿ ಅರಬ್ಬರ ನಾಡಿನ ತಾಯಿಫಿನ ನಮ್ಮ ಕಣಿವೆಯಲ್ಲಿ ಗುಲಾಬಿಯನ್ನು ಯಾರೂ ಮುಡಿಯುತ್ತಿರಲಿಲ್ಲ. ಅತ್ತರಿಗಾಗಿ ಹಂಡೆಗೆ ಸುರಿದು ಬೇಯಿಸುತ್ತಿದ್ದರು. ಹೂ ಬಿಡುವ ಆ ಒಂದೂವರೆ ತಿಂಗಳು ನನ್ನ ಅಂಗಿ, ತಲೆದಿಂಬು, ಕುಡಿಯುವ ನೀರು ಎಲ್ಲ ಗುಲಾಬಿ ನಾರುತ್ತಿದ್ದವು. ನಾರುತ್ತಿದ್ದವು ಎಂದೇ ಬರೆಯುತ್ತೇನೆ. ಒಂಬತ್ತು ವರ್ಷದ ನನಗೆ ಮೀನು ಸಾರಿನ ವಾಸನೆ ಬೇಕಾಗಿತ್ತು.

ಉಮ್ಮ ತೀರಿಕೊಂಡ ಮೇಲೆ ಬಾಪ ನನ್ನನ್ನು ಉಳ್ಳಾಲದಿಂದ ಜೊತೆಗೇ ಕರೆತಂದಿದ್ದರು. ಅವರಿಗೆ ಕೆಲಸ ಕೊಟ್ಟದ್ದು, ಆ ಕಣಿವೆಯಲ್ಲಿ ಎಲ್ಲರಿಗಿಂತ ಮೊದಲು ಕಲ್ಲು ಕಡಿದು, ಗುಡ್ಡದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿ, ಮನೆ ಕಟ್ಟಿ ನೆಲೆ ನಿಂತ ಕುಟುಂಬ. ಮನೆಯ ಕೆಳಗಿನ ಕೋಣೆಯಲ್ಲಿ ತಾಮ್ರದ ಹಂಡೆ. ಬೆಳಕು ಹರಿಯುವ ಮೊದಲೇ ಕಿತ್ತ ಹೂವನ್ನು ಅದರಲ್ಲಿ ತುಂಬಿ, ಮುಚ್ಚಳ ಇಟ್ಟು, ಆವಿ ಹೊರಗೆ ಹೋಗದಂತೆ ಸುತ್ತ ಗೋಧಿ ಹಿಟ್ಟು ಮೆತ್ತುತ್ತಿದ್ದರು. ಆವಿ ಕೊಳವೆಯಲ್ಲಿ ಸಾಗಿ, ತಣ್ಣೀರಿನ ತೊಟ್ಟಿ ದಾಟಿ, ಹನಿಹನಿಯಾಗಿ ಸೀಸೆಗೆ ಬೀಳಬೇಕು. ಹಿಟ್ಟು ಮೆತ್ತುವುದು ಯೆಮನಿನ ಸಾಲಿಹ್ ಎಂಬ ಮುದುಕರ ಕೆಲಸ. ನಾನು ಅವರನ್ನು, ಹಿರಿಯರನ್ನು ಕರೆಯುವ ನಮ್ಮ ಊರಿನ ರೀತಿಯಲ್ಲಿ, ಸಾಲಿಹಾಕ ಎಂದು ಕರೆಯುತ್ತಿದ್ದೆ. ಅವರಿಗೆ ಅದು ಬಹಳ ಇಷ್ಟ.

ಬೆಂಕಿಯ ಕಾವಿಗೆ ಆ ಹಿಟ್ಟು ನಿಧಾನಕ್ಕೆ ಬೆಂದು ಅಂಚಿನಲ್ಲಿ ಗರಿಗರಿಯಾಗುತ್ತಿತ್ತು. ಹಂಡೆ ಇಳಿಸಿದ ಮೇಲೆ ಸಾಲಿಹಾಕ ಅದನ್ನು ಬಿಡಿಸಿ ನನಗೆ ಕೊಡುವುದು ರೂಢಿ. ಗುಲಾಬಿಯ ಸಹವಾಸದಲ್ಲಿ ನನಗೆ ಹಿಡಿಸಿದ್ದು ಅದೊಂದೇ.

"ಹಂಡೆ ಇಳಿಯುವ ತನಕ ಕೈ ಹಾಕಬೇಡ, ಇಲಿಮರಿ," ಎಂದು ದಿನವೂ ರೇಗಿಸುತ್ತಿದ್ದರು.

ಒಂದು ಮಧ್ಯಾಹ್ನ ಅವರು ನಮಾಜಿಗೆ ಹೋಗುವಾಗ ನನ್ನನ್ನು ಹಂಡೆಯ ಕಾವಲಿಗೆ ಕೂರಿಸಿದರು. ಎಲ್ಲಾದರೂ ಆವಿ ಕಂಡರೆ ಮೆತ್ತು ಎಂದು ಹಸಿ ಹಿಟ್ಟಿನ ಮುದ್ದೆಯೊಂದನ್ನು ಕೊಟ್ಟು ಹೋದರು. ನಾನು ಒಂದು ಚೂರು ಕಿತ್ತೆ. ಆ ಜಾಗಕ್ಕೆ ಹಸಿ ಹಿಟ್ಟು ಹಚ್ಚಿದರಾಯಿತು ಎಂದುಕೊಂಡಿದ್ದೆ. ಪಕ್ಕದ್ದೂ ಸಡಿಲವಾಗಿ ಕೈಗೆ ಬಂತು. ಬಂದದ್ದನ್ನೆಲ್ಲ ತಿಂದೆ. ಮುಚ್ಚಳದ ಅರ್ಧ ಸುತ್ತು ಬರಿದಾದಾಗ ಆವಿ ಬುಸುಗುಟ್ಟಿ ಎದ್ದಿತು. ಕೈಯನ್ನು ಹತ್ತಿರ ಒಯ್ಯಲೂ ಆಗಲಿಲ್ಲ. ಸೀಸೆಗೆ ಇಳಿಯಬೇಕಾದ ಪರಿಮಳ ಕೋಣೆ ತುಂಬಿ, ಕಿಟಕಿ ದಾಟಿ, ಹೊಲದವರೆಗೂ ಹೋಯಿತು. ಅದೇ ಪರಿಮಳದ ಜಾಡು ಹಿಡಿದು ಮನೆಯ ಯಜಮಾನರು ಓಡಿ ಬಂದರು.

"ನೀನು ಮುಟ್ಟಿದೆಯಾ?"

ಸಾಲಿಹಾಕ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದರು. ನಮಾಜಿನ ಮಣ್ಣು ಇನ್ನೂ ಹಣೆಯಲ್ಲಿತ್ತು.

"ಇಲ್ಲ," ಎಂದೆ. "ಇವರು ಸರಿಯಾಗಿ ಮೆತ್ತಲಿಲ್ಲ."

ಸಾಲಿಹಾಕ ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಒಲೆಯ ಕೊಳ್ಳಿ ಹೊರಗೆಳೆದರು. ಹೊಲದಿಂದ ಓಡಿ ಬಂದ ಬಾಪ ನನ್ನನ್ನು ಹೊರಗೆ ಎಳೆದೊಯ್ದು, ಗದ್ದ ಹಿಡಿದೆತ್ತಿ, "ಎಂತ ತಿಂದದ್ದು ನೀನು?" ಎಂದು ಮೆಲ್ಲಗೆ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಹೆಗಲ ಬಟ್ಟೆಯಿಂದ ನನ್ನ ತುಟಿಯ ಪುಡಿ ಒರೆಸಿಬಿಟ್ಟರು. ಆ ಯಜಮಾನರೇ ನಮಗೆ ಹೊಣೆ ನಿಂತ ಕಫೀಲ್. ಅಲ್ಲಿ ಇರಲು ಬೇಕಾದ ಪರವಾನಗಿ, ನಮ್ಮ ಇಕಾಮಾ, ಅವರ ಕೈಯಲ್ಲಿತ್ತು. ಮರುದಿನ ಬೆಳಿಗ್ಗೆ ಸಾಲಿಹಾಕ ಬಟ್ಟೆಯ ಗಂಟು ಹೊತ್ತು ಕಣಿವೆ ಇಳಿದು ಹೋದರು. ಆಮೇಲೆ ನಾನು ಎಷ್ಟು ಸಲ ಬಾಯಿ ತೆರೆದರೂ ಬಾಪ ಆ ಮಾತು ಎತ್ತಗೊಡಲಿಲ್ಲ.

ಈ ವರ್ಷ ಉಮ್ರಾ ಯಾತ್ರೆ ಮುಗಿಸಿದ ಮೇಲೆ, ಅದೇ ದೇಶದ ರಾಬಿಗಿನಲ್ಲಿ ಕೆಲಸಕ್ಕಿರುವ ಮಗ ನನ್ನನ್ನು ಆ ಕಣಿವೆಗೆ ಕರೆದೊಯ್ದ. ಆ ಮನೆಯನ್ನು ಈಗ ಇದ್ದ ಹಾಗೆಯೇ ಕಾಪಾಡಿ, ಟಿಕೆಟ್ ಇಟ್ಟು ತೋರಿಸುತ್ತಾರೆ. ಅದೇ ಕಲ್ಲು, ಅದೇ ಮರದ ತೊಲೆ. ಹಂಡೆಯನ್ನು ಉಜ್ಜಿ ಹೊಳಪು ಮಾಡಿ ಸುತ್ತ ಹಗ್ಗ ಕಟ್ಟಿದ್ದಾರೆ. ಮುಚ್ಚಳದ ಸುತ್ತ ಹಿಟ್ಟಿನಂತೆ ಕಾಣಲು ಪ್ಲಾಸ್ಟರು. ವಿವರಿಸಲು ನಿಂತಿದ್ದ ಯುವಕ ಯಜಮಾನರ ಮರಿಮಗನಂತೆ. ಗೋಡೆಯ ಫಲಕ ತೋರಿಸಿ ಹೇಳಿದ: ಒಮ್ಮೆ ಸೋಮಾರಿ ಕೂಲಿಯವನೊಬ್ಬ ಹಿಟ್ಟು ಸರಿಯಾಗಿ ಮೆತ್ತದೆ ಇಡೀ ಹಂಡೆ ಹಾಳಾಯಿತು; ಅಂದಿನಿಂದ ಮನೆಯವರು ಆ ಕೆಲಸವನ್ನು ಹೊರಗಿನವರ ಕೈಗೆ ಕೊಡಲಿಲ್ಲ.

ನನ್ನ ಸುಳ್ಳಿಗೆ ಚೌಕಟ್ಟು ಹಾಕಿ ಗೋಡೆಗೆ ಹೊಡೆದಿದ್ದರು. ನಾನು ಹಗ್ಗ ಹಿಡಿದು, ಮರೆತುಹೋದ ಅರಬ್ಬಿಯಲ್ಲಿ ತಡವರಿಸುತ್ತಾ, ಹಿಟ್ಟು ತಿಂದವನು ನಾನು ಎಂದೆ. ನೋಡಲು ಬಂದಿದ್ದ ಜನ ನಕ್ಕರು. ಮತ್ತೆ ಹೇಳಿದೆ. ಇನ್ನೂ ನಕ್ಕರು. ಮಗ ತೋಳು ಹಿಡಿದ.

"ಬಿಡಿ ಬಾಪ. ಅರುವತ್ತು ವರ್ಷ ಆಯ್ತು. ಈಗ ಅದು ಯಾರಿಗೆ ಬೇಕು?"

"ನನಗೆ ಬೇಕು."

ಆ ಯುವಕ ಮಾತ್ರ ನಗಲಿಲ್ಲ. ಫೋನ್ ತೆಗೆದು, "ಹೇಳಿ ಹಾಜಿ, ಬರೆದುಕೊಳ್ಳುತ್ತೇನೆ. ಫಲಕ ಬದಲಾಯಿಸಲು ಕೇಳಿ ನೋಡುತ್ತೇನೆ. ಅವರ ಪೂರ್ತಿ ಹೆಸರೇನು? ಯಾರ ಮಗ, ಯಾವ ಊರು?" ಎಂದ.

ನಾನು ಸಾಲಿಹಾಕ ಎಂದೆ, ಯೆಮನಿನವರು ಎಂದೆ.

ಆ ಮನೆಯ ಒಂದು ಕಲ್ಲೂ ಕಳೆದಿಲ್ಲ. ಬೆಂದ ಹಿಟ್ಟಿನ ರುಚಿ ಈಗಲೂ ನನ್ನ ನಾಲಗೆಯಲ್ಲಿದೆ. ಅದನ್ನು ಬಿಡಿಸಿ ಕೈಗೆ ಕೊಡುತ್ತಿದ್ದವರ ತಂದೆಯ ಹೆಸರನ್ನು, ಊರನ್ನು ಕೇಳಬೇಕೆಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಯುವಕ ಫೋನ್ ಜೇಬಿಗೆ ಹಾಕಿಕೊಂಡು, ಮುಂದಿನ ಗುಂಪನ್ನು ಒಳಗೆ ಕರೆದ. ನಾವು ಅಂಗಳ ದಾಟುವಾಗ ಅವನು ಮತ್ತೆ ಆ ಸೋಮಾರಿ ಕೂಲಿಯವನ ಕಥೆ ಶುರುಮಾಡಿದ್ದು ಕೇಳಿಸಿತು.