ಪೆಲ್ ಪಾದ್ರಿಗಳಿಗೆ ಸಿಕ್ಕ ಉಸಿರು

ಪೆಲ್ ಪಾದ್ರಿಗಳು ತೀರಿಕೊಂಡು ಬಹಳ ಕಾಲವಾಯಿತು. ನಮ್ಮ ಹೆಸ್ಲಪ್ ಹಿಲ್ ಚರ್ಚಿನ ಪಕ್ಕದಲ್ಲೇ ಮಣ್ಣು ಮಾಡಿದ್ದೇವೆ. ಈಗಲೂ ಯಾರಾದರೂ ಓದಿದವರು ಡರ್‌ಹ್ಯಾಮ್‌ನಿಂದ ಬಸ್ಸು ಹಿಡಿದು ಬರುತ್ತಾರೆ. ಪಾದ್ರಿಗಳು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಅಷ್ಟು ತಿಳಿಯಾದ ಇಂಗ್ಲಿಷಿಗೆ ತಂದರಲ್ಲ, ಆ ಚಿಕ್ಕ ಚಿಕ್ಕ ವಾಕ್ಯಗಳನ್ನು ಎಲ್ಲಿಂದ ಕಲಿತರು ಎಂದು ಕೇಳುತ್ತಾರೆ. ನಾನು ಚಹಾ ಕೊಟ್ಟು ನಮ್ಮ ಹಿತ್ತಲಿನ ಲೀಕ್ ಈರುಳ್ಳಿಯ ಪಾತಿ ತೋರಿಸುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ. ಮುದುಕಿಗೆ ಅರಳುಮರುಳು ಎಂದುಕೊಂಡು ಹೋಗುತ್ತಾರೋ ಏನೋ, ಹೋಗಲಿ ಬಿಡಿ.

ಬಂದ ಹೊಸದರಲ್ಲಿ ಪಾದ್ರಿಗಳು ಚಿಕ್ಕ ವಾಕ್ಯದ ಮನುಷ್ಯರೇ ಅಲ್ಲ. ಇಂಗ್ಲೆಂಡಿನ ದಕ್ಷಿಣದವರು, ಕಾಲೇಜಿನಲ್ಲಿ ಪಾಠ ಹೇಳಿದವರು, ತಲೆದಿಂಬಿನಷ್ಟು ದಪ್ಪ ಪುಸ್ತಕ ಬರೆದವರು. ಪ್ರವಚನಕ್ಕೆ ನಿಂತು ಒಂದು ವಾಕ್ಯ ಶುರು ಮಾಡಿದರೆ, "ಅದು ಮುಗಿಯೋದ್ರೊಳಗೆ ಒಲೆ ಮೇಲಿನ ಮಾಂಸ ಸೀದು ಕರ್ಕಲಾಗಿರತ್ತೆ" ಎನ್ನುತ್ತಿದ್ದಳು ನಮ್ಮವ್ವ. ಆದರೂ ಊರು ಅವರನ್ನು ಒಪ್ಪಿಕೊಂಡಿತ್ತು. ನಮ್ಮೂರ ಕಲ್ಲಿದ್ದಲು ಗಣಿಯಲ್ಲಿ ಚಾವಣಿ ಕುಸಿದ ದಿನ ಅವರು ಗಣಿಬಾಯಿಯ ಹತ್ತಿರ ಹೆಂಗಸರ ನಡುವೆ ಬೆಳಗಿನವರೆಗೂ ನಿಂತಿದ್ದರು, ಒಂದೇ ಒಂದು ಉಪದೇಶದ ಮಾತಾಡಲಿಲ್ಲ. ಅಷ್ಟು ಸಾಕಿತ್ತು ನಮಗೆ.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ಭಾನುವಾರ ಹೊಸ ಒಡಂಬಡಿಕೆಯ ಅಧ್ಯಾಯ ಓದುವವನು ಕಲ್ಲಿದ್ದಲು ಕಡಿದವನೇ ಆಗಿರಬೇಕು. ನಿಂತುಕೊಂಡು, ಒಂದೇ ಸಲಕ್ಕೆ ಮುಗಿಸಬೇಕು. ಆಗದಿದ್ದ ದಿನ ಜಾಗ ಬಿಟ್ಟುಕೊಡಬೇಕು. ನಮ್ಮಪ್ಪ ಕತ್‌ಬರ್ಟ್ ಹೆಪ್ಪಲ್ ನಾನು ಹುಟ್ಟುವ ಮೊದಲಿನಿಂದ ಆ ಜಾಗದಲ್ಲಿದ್ದ. ವಾರವೆಲ್ಲ ನೆಲದಡಿ ಮೊಣಕಾಲೂರಿ ದುಡಿಯುವವನಿಗೆ ತಲೆಯೆತ್ತಿ ನಿಲ್ಲಲು ಇದ್ದ ಜಾಗ ಅದೊಂದೇ. ಆದರೆ ಕಲ್ಲಿದ್ದಲಿನ ಧೂಳು ಅಪ್ಪನ ಎದೆಯಲ್ಲಿ ಕೂತುಬಿಟ್ಟಿತ್ತು. ಗಣಿಯವರು ಅವನನ್ನು ನೆಲದ ಮೇಲೆ, ಕಲ್ಲಿದ್ದಲಿನೊಳಗಿನ ಕಲ್ಲು ಆರಿಸುವ ಕೆಲಸಕ್ಕೆ ಹಾಕಿದ್ದರು.

ಒಂದು ಭಾನುವಾರ ಓದಲು ಬೈಬಲ್ಲಿನ ಸಂತ ಪೌಲನ ಪತ್ರದ ಅಧ್ಯಾಯ ಬಂತು. ಹಳೆಯ ಬೈಬಲ್ಲಿನಲ್ಲಿ ಪೌಲ ಒಮ್ಮೆ ಬಾಯಿ ತೆರೆದರೆ ಅರ್ಧ ಪುಟ ನಿಲ್ಲಿಸುವುದಿಲ್ಲವಲ್ಲ! ಅಪ್ಪ ನಡುವೆ ಉಸಿರು ಸಾಲದೆ ಕೆಮ್ಮಿದ, ಓದುವ ಪೀಠವನ್ನು ಹಿಡಿದುಕೊಂಡ. ಹೇಗೋ ಮುಗಿಸಿದ. ತುಟಿ ನೀಲಿಯಾಗಿತ್ತು. ಹೊರಗೆ ಚರ್ಚಿನ ಉಸ್ತುವಾರಿ ಸ್ಟೋಬ್ಸ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಪಾಪ, ಕತ್‌ಬರ್ಟ್‌ಗೆ ಇನ್ನು ಕಷ್ಟ. ಮುಂದಿನ ತಿಂಗಳಿಂದ ಬೇರೆಯವ್ರನ್ನ ನೋಡೋಣ." ಅವನ ಬಾಯಿಗಿಷ್ಟು ಮಣ್ಣು ಹಾಕ ಎಂದುಕೊಂಡೆ ನಾನು. ಅಪ್ಪ ಆ ದಿನ ಊಟ ಮುಟ್ಟಲಿಲ್ಲ.

ಮಾರನೆಯ ದಿನ ಪಾದ್ರಿಗಳು ಹಿತ್ತಲಿಗೇ ಬಂದರು. ಅಪ್ಪ ಲೀಕ್ ಪಾತಿಗೆ ಮಣ್ಣು ಏರಿಸುತ್ತಿದ್ದ. ನಾನು ಬಟ್ಟೆ ಒಣಹಾಕುತ್ತಿದ್ದೆ. ಅವರು ಬಕೆಟ್ಟು ಬೋರಲು ಹಾಕಿ ಕೂತರು.

"ಹೆಪ್ಪಲ್, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ನಾನು ಬೈಬಲ್ಲನ್ನ ಹೊಸದಾಗಿ ಬರೀತಿದ್ದೀನಿ, ಈಗಿನವರ ಮಾತಲ್ಲಿ. ಯಾರಾದ್ರೂ ಗಟ್ಟಿಯಾಗಿ ಓದಿ ನೋಡದೆ ಹೋದ್ರೆ ಅದು ಸರಿಹೋಗುತ್ತೋ ಇಲ್ವೋ ಗೊತ್ತಾಗಲ್ಲ."

"ಯಾವಾಗಿಂದ ಬರೀತಿದ್ದೀರಿ?" ಎಂದ ಅಪ್ಪ.

"ತುಂಬಾ ದಿನದಿಂದ" ಎಂದರು ಪಾದ್ರಿಗಳು. ಅವರ ಕಿವಿ ಕೆಂಪಾಯಿತು. ಸುಳ್ಳು ಹೇಳಲು ಬಾರದ ಮನುಷ್ಯ.

ಹೀಗೆ ಶುರುವಾಯಿತು. ಅವರು ಬರೆದು ತರುವುದು, ಅಪ್ಪ ಪಾತಿಯ ಪಕ್ಕ ನಿಂತು ಓದುವುದು. ಅಪ್ಪನಿಗೆ ಎಲ್ಲಿ ಉಸಿರು ಮುಗಿಯುತ್ತದೋ ಅಲ್ಲಿ ಪಾದ್ರಿಗಳು ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು, ಮನೆಗೆ ಹೋಗಿ ವಾಕ್ಯವನ್ನು ಅಲ್ಲಿಗೇ ಮುಗಿಯುವಂತೆ ತಿದ್ದುತ್ತಿದ್ದರು. "ಈ ಪೌಲನ್ನ ಒಂದು ವಾರ ಗಣಿಗಿಳಿಸಬೇಕಿತ್ತು ಪಾದ್ರಿಗಳೇ, ಚಿಕ್ಕದಾಗಿ ಮಾತಾಡೋದು ತಾನಾಗೇ ಕಲೀತಿದ್ದ" ಎನ್ನುತ್ತಿದ್ದ ಅಪ್ಪ. ಪಾದ್ರಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮುಂದಿನ ಭಾನುವಾರ ಅಪ್ಪ ಹೊಸ ಹಾಳೆಯಿಂದ ಓದಿದ. ಒಂದು ಕಡೆಯೂ ತಡವರಿಸಲಿಲ್ಲ. ಸ್ಟೋಬ್ಸ್ ಬಾಗಿಲಲ್ಲೇ ಪಾದ್ರಿಗಳನ್ನು ತಡೆದ.

"ಇದಕ್ಕೆ ಬಿಷಪ್ಪರ ಅಪ್ಪಣೆ ಇದ್ಯಾ?"

"ಕೇಳಿದ್ರೆ ಇಲ್ಲ ಅಂತಾರೆ, ಅದಕ್ಕೇ ಕೇಳಿಲ್ಲ" ಎಂದರು ಪಾದ್ರಿಗಳು.

ಒಂದು ಸಂಜೆ ಅವ್ವ ತಡೆಯಲಾರದೆ ಅಪ್ಪನಿಗೆ ಹೇಳಿದಳು: "ಅಲ್ಲಾ ಮಾರಾಯ, ಅವ್ರು ನಿನಗೋಸ್ಕರ ಬರೀತಿದ್ದಾರೆ, ಅಷ್ಟೂ ತಿಳಿಯಲ್ವಾ ನಿಂಗೆ?" ಅಪ್ಪ ಮಹಾ ಸ್ವಾಭಿಮಾನಿ. ಕನಿಕರದ ರೊಟ್ಟಿ ತಿಂದವನೇ ಅಲ್ಲ.

ಅಪ್ಪ ಬೂಟು ಬಿಚ್ಚುತ್ತಾ ನಿಧಾನವಾಗಿ ಹೇಳಿದ: "ಮೊದಲ ದಿನವೇ ಗೊತ್ತಾಯ್ತು ಕಣೇ. ಆದ್ರೆ ಆ ಮನುಷ್ಯನ ಮುಖ ನೋಡಿದ್ಯಾ? ಈ ಊರಿಗೆ ಬಂದಾಗ ಹೆಣದ ಥರ ಇದ್ದ. ಈಗ ಬರೆದು ತಂದ ದಿನ ಮಕ್ಕಳ ಹಾಗೆ ಓಡಿ ಬರ್ತಾನೆ. ನಾನು ಬೇಡ ಅಂದ್ರೆ ಅಲ್ಲಿಗೇ ಬಿಟ್ಬಿಡ್ತಾನೆ. ಸುಮ್ನಿರು."

ಹೀಗೆ ಇವನನ್ನು ಅವರು ಕಾಪಾಡಿದರು, ಅವರನ್ನು ಇವನು ಕಾಪಾಡಿದ. ಇಬ್ಬರೂ ಕೊನೆಯವರೆಗೆ ಬಾಯಿಬಿಡಲಿಲ್ಲ. ವರ್ಷ ವರ್ಷಕ್ಕೆ ಅಪ್ಪನ ಉಸಿರು ಗಿಡ್ಡವಾಯಿತು, ಪಾದ್ರಿಗಳ ವಾಕ್ಯವೂ ಗಿಡ್ಡವಾಯಿತು. ಸಾಯುವ ಹಿಂದಿನ ಭಾನುವಾರವೂ ಅಪ್ಪ ನಿಂತೇ ಓದಿದ. ಆ ಜಾಗವನ್ನು ಅವನಿಂದ ಯಾರೂ ಕಿತ್ತುಕೊಳ್ಳಲಿಲ್ಲ.

ಅಪ್ಪ ಹೋದ ಮೇಲೆ ಪಾದ್ರಿಗಳು ಬರೆಯುವುದನ್ನು ನಿಲ್ಲಿಸಿದರು. ಹೊಸ ಒಡಂಬಡಿಕೆಯ ಕೊನೆಯ ಭಾಗ, 'ಪ್ರಕಟನೆ' ಎನ್ನುವ ಪುಸ್ತಕ, ಮುಗಿಯದೆ ಹಾಗೇ ಉಳಿಯಿತು. ಲಂಡನ್ನಿನಿಂದ ಅಚ್ಚು ಹಾಕುವವರು ಬಂದು ಕೇಳಿದರೂ ಪಾದ್ರಿಗಳು ಆಗಲ್ಲವೆಂದು ತಲೆಯಲ್ಲಾಡಿಸಿದರಂತೆ. ಅವ್ವ ನನ್ನ ಕೈಗೆ ಒಂದು ಕಟ್ಟು ಲೀಕ್ ಕೊಟ್ಟು, "ಹೋಗಿ ನೋಡ್ಕೊಂಡು ಬಾ, ಆ ಮನುಷ್ಯ ಏನಾದ್ರೂ ತಿಂದಿದ್ದಾರೋ ಇಲ್ವೋ" ಎಂದಳು.

ಪಾದ್ರಿಗಳು ಬೆಂಕಿ ಹಾಕದ ತಣ್ಣನೆಯ ಕೋಣೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ, "ಥರ್ಜಾ, ಬರೆಯೋಕೆ ಕೂತ್ರೆ ಮತ್ತೆ ಉದ್ದುದ್ದ ಬರ್ತಿದೆಯಮ್ಮ. ಎಲ್ಲಿ ನಿಲ್ಲಿಸ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ" ಎಂದರು.

ನನಗೆ ಸಿಟ್ಟು ಬಂತು, ಅಳುವೂ ಬಂತು. "ಕೊಡಿ ಇಲ್ಲಿ. ಅಪ್ಪ ಮಲಗ್ತಿದ್ದ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದು ತೆಳು ಗೋಡೆ. ನಿದ್ದೆಯಲ್ಲೂ ಅವನ ಉಸಿರು ಕೇಳ್ಕೊಂಡೇ ಬೆಳೆದವಳು ನಾನು. ಎಲ್ಲಿ ನಿಲ್ಲುತ್ತೆ ಅಂತ ನನಗೆ ಗೊತ್ತು" ಎಂದೆ. ಹಾಳೆ ಕಸಿದುಕೊಂಡು ನಿಂತು ಓದಿದೆ. ಅಪ್ಪ ನಿಲ್ಲುವಲ್ಲಿ ನಿಂತೆ, ಅಪ್ಪ ಎಳೆದುಕೊಳ್ಳುವ ಹಾಗೆ ಉಸಿರು ಎಳೆದುಕೊಂಡೆ. ಪಾದ್ರಿಗಳು ಪೆನ್ಸಿಲ್ ಹುಡುಕಿದರು.

ಆ ಚಳಿಗಾಲದಲ್ಲಿ ಕೆಲಸ ಮುಗಿಯಿತು. ಪುಸ್ತಕ ಅಚ್ಚಾಗಿ ಬಂದಾಗ ಪಾದ್ರಿಗಳು ಮೊದಲ ಪ್ರತಿಯನ್ನು ನಮ್ಮ ಮನೆಗೇ ತಂದರು. ದೇವರು ಅವರನ್ನು ತಣ್ಣಗಿಟ್ಟಿರಲಿ, ಆ ಋಣ ನಮ್ಮಿಂದ ತೀರುವುದಲ್ಲ. ಅವ್ವನಿಗೆ ಓದಲು ಬರುತ್ತಿರಲಿಲ್ಲ. "ಓದೇ" ಎಂದಳು. ನಾನು ಈ ಸಲ ಅಪ್ಪನ ಹಾಗೆ ಓದಲು ಹೋಗಲಿಲ್ಲ. ಪುಸ್ತಕದಲ್ಲಿದ್ದಂತೆ, ನನ್ನ ಪಾಡಿಗೆ ನಾನು ಓದಿದೆ.

ಪುಟ ಮುಗಿಯುವ ಮೊದಲೇ ಅವ್ವ ನನ್ನ ಕೈ ಹಿಡಿದಳು. ಅವಳ ಕಣ್ಣು ಅಪ್ಪನ ಖಾಲಿ ಕುರ್ಚಿಯ ಮೇಲಿತ್ತು.

"ಸಾಕು ಕಣೇ, ಅವನಿಗೆ ಆಯಾಸ ಆಗತ್ತೆ. ಉಳಿದದ್ದು ನಾಳೆ ಓದು."